ವಿಮಾನದಲ್ಲಿ ಕುಡಿದವರು ಪಕ್ಕಕ್ಕೆ ಬಂದರೆ ಏನು ಮಾಡಬೇಕು: ಹಳೇ ಕಂಡಕ್ಟರ್ ಒಬ್ಬನ ಸಲಹೆ

ಕುಡಿದವನನ್ನು ಮೆಟ್ಟಿಲ ಮೇಲೇ ತಡೆಯಬೇಕು. ಸೀಟಿಗೆ ಬಂದು ಕೂತ ಮೇಲೆ ಅಲ್ಲ. ಬೆಳಗಾವಿ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಅಷ್ಟೂ ಕಾಲ ನಾನು ನಂಬಿದ್ದು ಇದನ್ನೇ. ಪಣಜಿ ರೂಟಿನಲ್ಲಿ ಬಹಳ ದಿನ ದುಡಿದಿದ್ದೇನೆ. ಗೋವಾದಿಂದ ವಾಪಸ್ ಬರುವ ರಾತ್ರಿ ಗಾಡಿಗೆ ಎಂಥೆಂಥವರು ಹತ್ತುತ್ತಾರೆ ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚೋರ್ಲಾ ಘಾಟಿನ ತಿರುವುಗಳು ಶುರುವಾದ ಮೇಲೆ ಒಬ್ಬ ಕುಡುಕ ಎದ್ದು ನಿಂತರೆ ಇಡೀ ಬಸ್ಸಿಗೆ ಅಪಾಯ. ಆದರೂ ಬಸ್ಸಿನಲ್ಲಿ ಒಂದು ದಾರಿ ಇರುತ್ತಿತ್ತು. ಸೀಟಿ ಊದಿ ಗಾಡಿ ನಿಲ್ಲಿಸಬಹುದು. ಮುಂದಿನ ಪೊಲೀಸ್ ಠಾಣೆ ಎದುರು ಇಳಿಸಬಹುದು. ವಿಮಾನದಲ್ಲಿ ಆ ದಾರಿ ಇಲ್ಲ.

ಈಗ ನನ್ನ ಮಗಳು, ಅಳಿಯ ಶಾರ್ಜಾದಲ್ಲಿದ್ದಾರೆ. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ, ಅಲ್ಲಿಂದ ಶಾರ್ಜಾಕ್ಕೆ ನಾನೂ ನನ್ನ ಹೆಂಡತಿಯೂ ಹೋಗಿ ಬರುತ್ತೇವೆ. ನಮ್ಮ ಓಣಿಯಲ್ಲಿ ಮೊದಲ ಸಲ ವಿಮಾನ ಹತ್ತುವವರು ಈಗ ಜಾಸ್ತಿ ಆಗಿದ್ದಾರೆ. ಮಗ ಹೈದರಾಬಾದಿನಲ್ಲಿ, ಮಗಳು ಪುಣೆಯಲ್ಲಿ, ಇನ್ನೊಬ್ಬರ ಸೊಸೆ ದುಬೈನಲ್ಲಿ. ಹೊರಡುವ ಮುಂಚೆ ಬಂದು ಕೇಳುತ್ತಾರೆ: ಬ್ಯಾಗ್ ಎಷ್ಟು ಕೆಜಿ, ಉಪ್ಪಿನಕಾಯಿ ಒಯ್ಯಬಹುದಾ, ಕುಂದಾ ಬಿಡುತ್ತಾರಾ. ಅದನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ಪಕ್ಕದಲ್ಲಿ ಕುಡಿದವನು ಬಂದು ಕೂತರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯಲ್ಲಿ ವಿಮಾನ ನಿಲ್ದಾಣದಲ್ಲಿ ಮದ್ಯವೇ ಬೇಡ ಅಂತ ಕೇಳುವುದು ಹೇಗೆ ಎಂದೂ ಬರೆದಿದ್ದೇನೆ. ಆ ಕೆಲಸ ನಾವೇ ಮಾಡಬೇಕು.

ಕಾನೂನಿನಲ್ಲಿ ಏನಿದೆ

ನಮ್ಮ ದೇಶದೊಳಗೆ ಹಾರುವ ಪ್ರಯಾಣಿಕ ವಿಮಾನಗಳಲ್ಲಿ ಮದ್ಯ ಕೊಡುವಂತಿಲ್ಲ. ಪ್ರಯಾಣಿಕರು ಒಳಗೆ ಕುಡಿಯುವಂತೆಯೂ ಇಲ್ಲ. ವಿಮಾನ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ತಮ್ಮದೇ ಬಾಟಲಿ ತಂದು ನೀರಿನ ಗ್ಲಾಸಿನಲ್ಲಿ ಸುರಿದುಕೊಂಡರೂ ತಪ್ಪು ತಪ್ಪೇ. ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ ಕಂಪನಿ ಕೊಡಬಹುದು, ಕೊಡದೆಯೂ ಇರಬಹುದು.

ಪೈಲಟ್‌ಗಳಿಗೆ, ಗಗನಸಖಿಯರಿಗೆ ಇನ್ನೂ ಬಿಗಿ. ಹಾರುವ ಮೊದಲಿನ 12 ಗಂಟೆ ಅವರು ಮದ್ಯ ಮುಟ್ಟುವಂತಿಲ್ಲ. ಉಸಿರಿನ ಪರೀಕ್ಷೆಯಲ್ಲಿ ಪೈಲಟ್ ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ 3 ತಿಂಗಳು ಅಮಾನತು, ಎರಡನೇ ಸಲ ಸಿಕ್ಕಿದರೆ 3 ವರ್ಷ. ಇದು ಬಹಳ ಒಳ್ಳೆಯ ನಿಯಮ.

ಆದರೆ ಬೆಂಗಳೂರಿನಂಥ ದೊಡ್ಡ ನಿಲ್ದಾಣಕ್ಕೆ ಹೋಗಿ ನೋಡಿ. ಸೆಕ್ಯುರಿಟಿ ದಾಟಿದ ಮೇಲೆ ಬಾರ್ ಇದೆ. ಕಾರ್ಡ್ ತೋರಿಸಿದರೆ ಲೌಂಜ್ ಇದೆ, ಅಂದರೆ ಆರಾಮಾಗಿ ಕೂತು ತಿಂದು ಕುಡಿಯುವ ಕೋಣೆ. ವಿಮಾನದ ಒಳಗೆ ಒಂದು ಹನಿಯೂ ಬೇಡ ಅನ್ನುವ ಅದೇ ವ್ಯವಸ್ಥೆ, ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ಎಷ್ಟು ಬೇಕಾದರೂ ಕುಡಿಯಲು ಬಿಡುತ್ತದೆ. ವಿಮಾನ ತಡವಾದರೆ ಮುಗಿದೇ ಹೋಯಿತು. ಒಂದು ಪೆಗ್ಗು ಅಂತ ಕೂತವರು ಮೂರಕ್ಕೆ ಏಳುತ್ತಾರೆ. ತೂತು ಇರುವುದು ಇಲ್ಲೇ. ಇದನ್ನು ಮುಚ್ಚದೆ ವಿಮಾನದ ಒಳಗೆ ಎಷ್ಟು ನಿಯಮ ಮಾಡಿದರೂ ಪ್ರಯೋಜನ ಇಲ್ಲ.

ಮೇಲೆ ಹೋದಾಗ ಏನಾಗುತ್ತದೆ

ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಂತೆ ಇರುವುದಿಲ್ಲ. ಎತ್ತರದಲ್ಲಿ ಹಾರುವಾಗ ಒಳಗೆ ಸುಮಾರು 6 ರಿಂದ 8 ಸಾವಿರ ಅಡಿ ಎತ್ತರದ ಗಾಳಿ ಇರುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಅದರ ತುದಿಯಲ್ಲಿ, ಕೆಲವೊಮ್ಮೆ ಅದಕ್ಕಿಂತ ಮೇಲೆ, ಕೂತ ಲೆಕ್ಕ. ಆಮ್ಲಜನಕ ಕಡಿಮೆ ಸಿಗುತ್ತದೆ. ಗಾಳಿ ತುಂಬಾ ಒಣಗಿರುತ್ತದೆ. ಮೇಲೆ ಹೋದರೆ ಅದೇ ಪೆಗ್ಗು ರಕ್ತದಲ್ಲಿ ಎರಡು ಪಟ್ಟಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ರಕ್ತದಲ್ಲಿ ಮದ್ಯ ಅಷ್ಟೇ ಇರುತ್ತದೆ. ಆದರೆ ಆಮ್ಲಜನಕದ ಕೊರತೆಯೂ ನಿದ್ದೆಗೇಡೂ ಅದಕ್ಕೆ ಸೇರಿಕೊಳ್ಳುತ್ತವೆ.

ಜರ್ಮನಿಯ ವಿಜ್ಞಾನಿಗಳು 2024ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ ಹರೆಯದವರಿಗೆ ಸ್ವಲ್ಪ ಮದ್ಯ ಕೊಟ್ಟು, ವಿಮಾನದೊಳಗಿನಷ್ಟೇ ಒತ್ತಡದ ಕೋಣೆಯಲ್ಲಿ ಮಲಗಿಸಿದರು. ನಿದ್ದೆಯಲ್ಲಿ ಅವರ ರಕ್ತದ ಆಮ್ಲಜನಕ ಶೇಕಡಾ 85ರ ಹತ್ತಿರಕ್ಕೆ ಇಳಿಯಿತು. ಎದೆಬಡಿತ ನಿಮಿಷಕ್ಕೆ 88ರ ಸುತ್ತ ಏರಿತು. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ಕೂತವರಿಗೆ 85 ಅಂದರೆ ಏನು ಅಂತ ಗೊತ್ತು. ಹರೆಯದವರಿಗೇ ಹೀಗಾದರೆ ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವ ನಮ್ಮ ವಯಸ್ಸಿನವರ ಗತಿ ಏನು?

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಪರವಾನಗಿ ಕೊಡುವ ಮೊದಲು ಒಂದು ಪರೀಕ್ಷೆ ಇದೆ. ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕು. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಅದರಲ್ಲಿದ್ದ 379 ಜನರೂ ಜೀವಂತ ಹೊರಗೆ ಬಂದರು. ಬ್ಯಾಗ್ ಬಿಟ್ಟು, ಹೇಳಿದ ಮಾತು ಕೇಳಿ, ಸಾಲಾಗಿ ಇಳಿದಿದ್ದಕ್ಕೇ ಅದು ಆಯಿತು. ದಾರಿ ಪಕ್ಕದ ಸೀಟಿನಲ್ಲಿ ಎಚ್ಚರ ತಪ್ಪಿದ ಒಬ್ಬ ಕುಡುಕ ಇದ್ದಿದ್ದರೆ? ಕಿಟಕಿ ಕಡೆ ಇರುವ ಇಬ್ಬರು ಅವನನ್ನು ದಾಟಿ ಬರಬೇಕಲ್ವಾ?

ಟಿಕೆಟ್ ಮಾಡುವಾಗ

ಮದ್ಯ ಕೊಡದ ವಿಮಾನ ಕಂಪನಿಗಳು ಇವೆ. ಸೌದಿಯಾ, ಕುವೈತ್ ಏರ್‌ವೇಸ್, ಏರ್ ಅರೇಬಿಯಾ ಕೊಡುವುದಿಲ್ಲ. ಬೆಂಗಳೂರಿನಿಂದ ಶಾರ್ಜಾಕ್ಕೆ ಹೋಗಲು ನಾವು ಏರ್ ಅರೇಬಿಯಾ ಹಿಡಿಯುತ್ತೇವೆ. ಅಗ್ಗ ಅನ್ನುವುದು ಒಂದು ಕಾರಣ, ಇದು ಇನ್ನೊಂದು. ಮದ್ಯ ಇಲ್ಲ ಅಂತ ಆ ವಿಮಾನಗಳು ಖಾಲಿ ಓಡುತ್ತಿಲ್ಲ. ಮದ್ಯ ಇಲ್ಲದಿದ್ದರೆ ವ್ಯಾಪಾರ ಮುಳುಗುತ್ತದೆ ಅನ್ನುವವರಿಗೆ ಇದನ್ನು ಹೇಳಿ.

ಸೀಟು ಆರಿಸುವಾಗ ಒಬ್ಬಂಟಿ ಹೆಣ್ಣುಮಕ್ಕಳು, ವಯಸ್ಸಾದವರು ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಕಿಟಕಿ ಸೀಟು ಚೆಂದ, ನಿಜ. ಆದರೆ ಪಕ್ಕದವನು ಕುಡಿದು ಮಲಗಿದರೆ ಹೊರಬರಲು ದಾರಿ ಇರುವುದಿಲ್ಲ. ನನ್ನ ಹೆಂಡತಿಗೆ ಒಮ್ಮೆ ಹೀಗೇ ಆಗಿತ್ತು. ನನಗೆ ಬೇರೆ ಸಾಲಿನಲ್ಲಿ ಸೀಟು ಸಿಕ್ಕಿತ್ತು. ಅವಳ ಪಕ್ಕದವನು ಬಾರಿನಿಂದ ನೇರವಾಗಿ ಬಂದಿದ್ದ. ಅವಳ ಹೆಗಲಿಗೆ ಒರಗಿ ಗೊರಕೆ ಹೊಡೆದ. ಅವಳು ಬೆಲ್ ಒತ್ತಲು ಸಂಕೋಚಪಟ್ಟು ಇಳಿಯುವವರೆಗೂ ಗೋಡೆಗೆ ಆತುಕೊಂಡು ಕೂತಿದ್ದಳು. ಇಳಿದ ಮೇಲೆ ನನಗೆ ಹೇಳಿದಳು. ಆ ಸಂಕೋಚ ಯಾರಿಗೂ ಬೇಡ.

ಗೇಟಿನ ಹತ್ತಿರ

ಇದೇ ಮುಖ್ಯ ಜಾಗ. ಇಲ್ಲಿ ಎಚ್ಚರ ಇದ್ದರೆ ಮುಂದಿನದು ಯಾವುದೂ ಬೇಕಾಗುವುದಿಲ್ಲ.

ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಗಲಾಟೆ ಮಾಡುವ ಪ್ರಯಾಣಿಕರ ಬಗ್ಗೆ 2017ರಲ್ಲಿ ವಿವರವಾದ ನಿಯಮ ತಂದಿತು. ಚೆಕ್-ಇನ್, ಲೌಂಜ್, ಬೋರ್ಡಿಂಗ್ ಗೇಟುಗಳಲ್ಲೇ ಇಂಥವರನ್ನು ಗಮನಿಸಿ ತಡೆಯುವುದು ಕಂಪನಿಯ ಕೆಲಸ ಅಂತ ಅದರಲ್ಲಿದೆ. ಹಾಗಾಗಿ ಗೇಟಿನಲ್ಲಿ ನೀವು ಹೋಗಿ ಹೇಳಿದರೆ ಅದು ಚಾಡಿ ಅಲ್ಲ. ಅವರು ಮಾಡಬೇಕಾದ ಕೆಲಸ ನೆನಪಿಸಿದ ಹಾಗೆ.

ಹೇಗೆ ಗುರುತಿಸುವುದು? ವಾಸನೆ ಒಂದನ್ನೇ ನಂಬಬೇಡಿ. ಬಸ್ಸಿನಲ್ಲಿ ನಾನು ಕಣ್ಣಿಗಿಂತ ಕೈ ನೋಡುತ್ತಿದ್ದೆ. ಟಿಕೆಟ್ ಕೊಟ್ಟು ಚಿಲ್ಲರೆ ಎಣಿಸಿ ಕೈಗಿಟ್ಟಾಗ ಮುಷ್ಟಿ ಸರಿಯಾಗಿ ಮುಚ್ಚುತ್ತಾನಾ? ಎಲ್ಲಿಗೆ ಅಂತ ಕೇಳಿದರೆ ಊರ ಹೆಸರು ಹೇಳುತ್ತಾನಾ, ಊರಿನ ಕಥೆ ಹೇಳುತ್ತಾನಾ? ವಿಮಾನದ ಗೇಟಿನಲ್ಲೂ ಅಷ್ಟೇ. ಬೋರ್ಡಿಂಗ್ ಪಾಸ್ ಹುಡುಕುತ್ತಾ ಅದೇ ಜೇಬಿಗೆ ಮತ್ತೆ ಮತ್ತೆ ಕೈ ಹಾಕುವುದು, ಸಾಲಿನಲ್ಲಿ ಮುಂದಿನವರ ಮೇಲೆ ವಾಲುವುದು, ಸಂಬಂಧ ಇಲ್ಲದವರ ಹತ್ತಿರ ಮೈಮೇಲೆ ಬಿದ್ದು ಮಾತಾಡುವುದು. ಜೋರಾಗಿ ಕೂಗುವವನು ಎಲ್ಲರಿಗೂ ಕಾಣುತ್ತಾನೆ. ಸುಮ್ನೆ ಗೋಡೆಗೆ ಆತು ನಿಂತು ಕಣ್ಣು ಎಳೆಯುತ್ತಿರುವವನು ಕಾಣುವುದಿಲ್ಲ. ಮೇಲೆ ಹೋದ ಮೇಲೆ ವಾಂತಿ ಮಾಡುವವನು, ಟಾಯ್ಲೆಟ್ ಎಲ್ಲಿ ಅಂತ ಗೊತ್ತಾಗದೆ ಓಡಾಡುವವನು ಸಾಮಾನ್ಯವಾಗಿ ಅವನೇ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಇಳಿದರೂ ಹೀಗೇ ಕಾಣುತ್ತದೆ. ಬೆವರು, ತೊದಲು, ತೂರಾಟ. ಲಕ್ವ ಹೊಡೆಯುವಾಗಲೂ ಮಾತು ತೊದಲುತ್ತದೆ. ನಿಪ್ಪಾಣಿ ಗಾಡಿಯಲ್ಲಿ ಹತ್ತಿದ ಒಬ್ಬ ಯಜಮಾನರನ್ನು ಎಲ್ಲರೂ ಕುಡುಕ ಅಂದರು. ವಾಸನೆ ಇರಲಿಲ್ಲ, ಮೈ ತಣ್ಣಗಿತ್ತು. ಪಕ್ಕದ ಹೆಣ್ಣುಮಗಳೊಬ್ಬಳು ಬೆಲ್ಲದ ತುಂಡು ಬಾಯಿಗೆ ಹಾಕಿದ ಮೇಲೆ ಚೇತರಿಸಿಕೊಂಡರು. ಅದಕ್ಕೇ ಗೇಟಿನಲ್ಲಿ ಹೇಳುವಾಗ ತೀರ್ಪು ಕೊಡಬೇಡಿ. ಕಂಡದ್ದನ್ನು ಹೇಳಿ. ಕುಡಿದಿದ್ದರೂ ಕಾಯಿಲೆ ಆಗಿದ್ದರೂ ಆ ಮನುಷ್ಯನನ್ನು ಹತ್ತಿಸುವ ಮೊದಲು ಯಾರಾದರೂ ನೋಡಲೇಬೇಕು.

ಹೇಳುವ ಮಾತು ಹೀಗಿರಲಿ: "ಮೇಡಂ, ನೀಲಿ ಅಂಗಿ ಹಾಕಿರುವವರು ಸಾಲಿನಲ್ಲಿ ಎರಡು ಸಲ ಬೀಳುವ ಹಾಗಾದರು. ಮದ್ಯದ ವಾಸನೆ ಇದೆ. ಮುಂದೆ ನಿಂತ ಹೆಣ್ಣುಮಗಳ ಮೇಲೆ ವಾಲುತ್ತಿದ್ದಾರೆ. ಹತ್ತಿಸುವ ಮೊದಲು ಒಮ್ಮೆ ಮಾತಾಡಿಸಿ ನೋಡಿ." ಇಷ್ಟು ಸಾಕು. ಅವರು ಗಮನ ಕೊಡದಿದ್ದರೆ ಡ್ಯೂಟಿ ಮ್ಯಾನೇಜರ್ ಯಾರು ಅಂತ ಕೇಳಿ. ಹೆಸರು ಬರೆದುಕೊಳ್ಳಿ. ಹೆಸರು ಬರೆದುಕೊಳ್ಳುವುದು ಕಂಡರೆ ಕೆಲಸ ಬೇಗ ಆಗುತ್ತದೆ. ಸರ್ಕಾರಿ ಗಾಡಿಯಲ್ಲಿ ದುಡಿದವನು ನಾನು, ನನಗೆ ಗೊತ್ತು.

ಕುಡಿದವನ ಜೊತೆ ನೀವೇ ಮಾತಾಡಬೇಕಾಗಿ ಬಂದರೆ ಮರ್ಯಾದೆ ಕೊಟ್ಟು ಮಾತಾಡಿ. ಕುಡಿದವನಿಗೆ ಎಲ್ಲ ಮರೆತರೂ ಅವಮಾನ ಮರೆಯುವುದಿಲ್ಲ. ನಾನು ಬಸ್ಸಿನ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ: "ಸಾಹೇಬ್ರ, ಇವತ್ತ ಬ್ಯಾಡ್ರಿ. ಮುಂಜಾನಿ ಗಾಡಿಗೆ ಬರ್ರಿ, ನಿಮಗ ಮುಂದಿನ ಸೀಟ ಕೊಡಸ್ತೀನ್ರಿ." ಬಹಳ ಮಂದಿ ಇದಕ್ಕೆ ಒಪ್ಪುತ್ತಿದ್ದರು. "ಏ ಕುಡುಕಾ, ಇಳಿ ಕೆಳಗ" ಅಂದರೆ ಅಲ್ಲಿಗೆ ಜಗಳ. ಜೊತೆಯಲ್ಲಿ ಕುಡಿಯದ ಗೆಳೆಯ ಇದ್ದರೆ ಅವನ ಹತ್ತಿರ ಮಾತಾಡಿ: "ತಮ್ಮಾ, ನಿಮ್ಮ ಅಣ್ಣಾರನ್ನ ನೀವ ಹಿಡಕೊಂಡ ಕೂಡ್ರಿ." ಮೈ ಮುಟ್ಟಬೇಡಿ. ನಗಬೇಡಿ. ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಈಗಿನ ಹುಡುಗರು ಮೊದಲು ಮಾಡುವುದೇ ಅದು, ಅದರಿಂದ ಸಣ್ಣದು ದೊಡ್ಡದಾಗುತ್ತದೆ.

ಸೀಟಿನಲ್ಲಿ ಕೂತ ಮೇಲೆ

ಬಾಗಿಲು ಮುಚ್ಚುವ ಮೊದಲೇ ಹೇಳಿ. ಇದನ್ನು ನೆನಪಿಡಿ. ಬಾಗಿಲು ತೆರೆದಿರುವಾಗ ಒಬ್ಬರನ್ನು ಇಳಿಸುವುದು ಸುಲಭ. ಹಾರುವಾಗ, ಇಳಿಯುವಾಗ ಗಗನಸಖಿಯರೂ ಬೆಲ್ಟ್ ಹಾಕಿ ಕೂತಿರುತ್ತಾರೆ, ಎದ್ದು ಬರಲು ಆಗುವುದಿಲ್ಲ. ಅವರ ಸಂಖ್ಯೆಯೂ ಕಡಿಮೆ. 50 ಸೀಟಿಗೆ ಒಬ್ಬರು ಅನ್ನುವ ಲೆಕ್ಕ. ನಮ್ಮ ಸಾಂಬ್ರಾಕ್ಕೆ ಬರುವ 78 ಸೀಟಿನ ಎಟಿಆರ್ ವಿಮಾನಕ್ಕೆ ಇಬ್ಬರು ಸಾಕು. ಆ ಇಬ್ಬರಲ್ಲಿ ಒಬ್ಬರು ಒಬ್ಬ ಕುಡುಕನನ್ನು ಕಾಯುತ್ತಾ ನಿಂತರೆ ಉಳಿದವರನ್ನು ನೋಡಿಕೊಳ್ಳುವವರು ಒಬ್ಬರೇ.

ತಲೆ ಮೇಲೆ ಗಗನಸಖಿಯ ಚಿತ್ರ ಇರುವ ಬೆಲ್ ಇದೆ. ಒತ್ತಿ. ಅಕ್ಕಪಕ್ಕದವರಿಗೆ ಕೇಳುವಂತೆ ಜಗಳ ಮಾಡಬೇಡಿ. "ನನಗೆ ಇಲ್ಲಿ ಸುರಕ್ಷಿತ ಅನ್ನಿಸುತ್ತಿಲ್ಲ, ಸೀಟು ಬದಲಿಸಿ" ಅಂತ ಹೇಳಿ. ಕನ್ನಡ ಬಾರದ ಸಿಬ್ಬಂದಿ ಇದ್ದರೆ "ನಾಟ್ ಸೇಫ್, ಚೇಂಜ್ ಸೀಟ್" ಅಂದರೂ ಸಾಕು. ಆ ಎರಡು ಮಾತು ನಮ್ಮ ಓಣಿಯ ಅಜ್ಜಿಯರಿಗೂ ನಾನು ಬಾಯಿಪಾಠ ಮಾಡಿಸಿದ್ದೇನೆ. ಸೀಟು ಖಾಲಿ ಇಲ್ಲ ಅಂದರೆ ಗಟ್ಟಿಮುಟ್ಟಾದ ಗಂಡಸರೊಬ್ಬರ ಜೊತೆ ಬದಲಿಸಿಕೊಡಲು ಕೇಳಿ. ಇಂಥ ಹೊತ್ತಿನಲ್ಲಿ ಜನ ಒಪ್ಪುತ್ತಾರೆ.

ಅವನು ಮಲಗಿದ್ದರೆ ಎಬ್ಬಿಸಬೇಡಿ. ಆದರೆ ಉಸಿರಾಟ ಸರಿಯಾಗಿಲ್ಲ, ಬಾಯಿಯಲ್ಲಿ ವಾಂತಿ ಬರುತ್ತಿದೆ ಅನ್ನಿಸಿದರೆ ತಕ್ಷಣ ಬೆಲ್ ಒತ್ತಿ. ವಾಂತಿ ಗಂಟಲಿಗೆ ಸಿಕ್ಕಿ ಜೀವ ಹೋಗಬಹುದು. ಅವನೂ ಯಾರದೋ ಮನೆಯ ಮಗ.

ತನ್ನ ಬಾಟಲಿ ತೆಗೆದು ಕುಡಿಯುತ್ತಿದ್ದರೆ ನೀವು ಕಸಿದುಕೊಳ್ಳಲು ಹೋಗಬೇಡಿ. ಸಿಬ್ಬಂದಿಗೆ ತಿಳಿಸಿ. ಮೈ ಮುಟ್ಟಿದರೆ, ಕೆಟ್ಟ ಮಾತಾಡಿದರೆ, ಸಹಿಸಿಕೊಂಡು ಕೂರಬೇಡಿ. ಪೈಲಟ್‌ಗೆ ತಿಳಿಸಿ ಅಂತ ಸಿಬ್ಬಂದಿಗೆ ಹೇಳಿ. ವಿಮಾನದಲ್ಲಿ ಕೊನೆಯ ಮಾತು ಪೈಲಟ್‌ದು. ಇಳಿಯುವ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿ ಬಾಗಿಲ ಹತ್ತಿರ ಬರುವಂತೆ ಮೇಲಿನಿಂದಲೇ ತಿಳಿಸಬಹುದು.

ಇಳಿದ ಮೇಲೆ

ದೂರನ್ನು ಅಲ್ಲೇ, ಅವತ್ತೇ, ಬರೆದು ಕೊಡಿ. ಮನೆಗೆ ಹೋಗಿ ಯೋಚಿಸೋಣ ಅಂದರೆ ಕೆಲಸ ಕೆಡುತ್ತದೆ.

2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದ ಪ್ರಕರಣ ನಿಮಗೆ ನೆನಪಿರಬಹುದು. ಕುಡಿದ ಸಹಪ್ರಯಾಣಿಕನೊಬ್ಬ ಮೈಮೇಲೆ ಮೂತ್ರ ಮಾಡಿದ ಅಂತ ಎಪ್ಪತ್ತು ದಾಟಿದ ತಾಯಿಯೊಬ್ಬರು ದೂರು ಕೊಟ್ಟರು. ಆ ಆರೋಪವನ್ನು ಅವನು ಒಪ್ಪಲಿಲ್ಲ. ವಿಷಯ ಹೊರಬಂದದ್ದು ಜನವರಿಯಲ್ಲಿ. ಆಮೇಲೆ ಅವನನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ. ಸರಿಯಾಗಿ ನಿಭಾಯಿಸಲಿಲ್ಲ, ತಿಳಿಸಲಿಲ್ಲ ಅಂತ ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಪೈಲಟ್ ಲೈಸೆನ್ಸ್ 3 ತಿಂಗಳು ಅಮಾನತಾಯಿತು. ಅದೇ 2023ರಲ್ಲಿ ಆ ತಾಯಿ ಇಂಥ ಪ್ರಕರಣಗಳಿಗೆ ಸರಿಯಾದ ನಿಯಮ ಬೇಕು ಅಂತ ಸುಪ್ರೀಂ ಕೋರ್ಟಿಗೂ ಹೋದರು. ಆ ವಯಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ನಿಂತರಲ್ಲ, ಅವರಿಗೆ ನನ್ನ ನಮಸ್ಕಾರ.

ಹಾಗಾಗಿ "ಕ್ಷಮೆ ಕೇಳಿದ್ದಾನೆ, ಬಿಟ್ಟುಬಿಡಿ ಅಮ್ಮಾ" ಅಂತ ಯಾರಾದರೂ ರಾಜಿಗೆ ಕರೆದರೆ ಅಲ್ಲೇ ಒಪ್ಪಬೇಡಿ. ದೂರು ಕೊಟ್ಟು, ಆಮೇಲೆ ಬೇಕಾದರೆ ಕ್ಷಮಿಸಿ.

ದೂರಿನಲ್ಲಿ ಏನಿರಬೇಕು? ವಿಮಾನದ ನಂಬರ್, ದಿನಾಂಕ, ನಿಮ್ಮ ಪಿಎನ್‌ಆರ್, ನಿಮ್ಮ ಸೀಟು, ಅವನ ಸೀಟು. ಅವನ ಹೆಸರು ನಿಮಗೆ ಗೊತ್ತಿರಬೇಕಿಲ್ಲ, ಸೀಟ್ ನಂಬರ್ ಸಾಕು. ಆಮೇಲೆ ಏನಾಯಿತು ಅನ್ನುವುದನ್ನು ಹೊತ್ತಿನ ಸಮೇತ ಬರೆಯಿರಿ. ಯಾವ ಸಿಬ್ಬಂದಿಗೆ ಹೇಳಿದಿರಿ, ಅವರು ಏನು ಮಾಡಿದರು. ಸಾಕ್ಷಿ ಹೇಳಲು ಒಪ್ಪಿದ ಒಬ್ಬ ಪ್ರಯಾಣಿಕರ ಫೋನ್ ನಂಬರ್. ಒಂದು ಮಾದರಿ ಕೊಡುತ್ತೇನೆ, ಹೀಗೆ ಬರೆದರೆ ಸಾಕು:

"ನಾನು ಈ ದಿನ ಬೆಂಗಳೂರಿನಿಂದ ಬೆಳಗಾವಿಗೆ ಬಂದ ವಿಮಾನದಲ್ಲಿ 7ಸಿ ಸೀಟಿನಲ್ಲಿದ್ದೆ. 7ಡಿ ಸೀಟಿನ ಪ್ರಯಾಣಿಕರು ಹತ್ತುವಾಗಲೇ ಮದ್ಯದ ಅಮಲಿನಲ್ಲಿದ್ದರು. ಬಾಗಿಲು ಮುಚ್ಚುವ ಮೊದಲೇ ನಾನು ಸಿಬ್ಬಂದಿಗೆ ತಿಳಿಸಿದೆ. ಹಾರಿದ ಮೇಲೆ ಅವರು ನನ್ನ ಕೈ ಹಿಡಿದು ಎಳೆದರು, ಬೈದರು. ದಯವಿಟ್ಟು ಇದನ್ನು ಗಲಾಟೆ ಪ್ರಯಾಣಿಕರ ನಿಯಮದ ಪ್ರಕಾರ ದಾಖಲಿಸಿ, ಸಮಿತಿ ಮುಂದೆ ಇಟ್ಟು, ತೀರ್ಮಾನವನ್ನು ನನಗೆ ಲಿಖಿತವಾಗಿ ತಿಳಿಸಿ."

ಆ ಸಮಿತಿ ಅಂದರೇನು ಅಂತ ಗೊತ್ತಿರಲಿ. 2017ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಇರಬೇಕು. 30 ದಿನದೊಳಗೆ ಅದು ತೀರ್ಮಾನ ಕೊಡಬೇಕು. ಬಾಯಿಮಾತಿನ ಕಿರುಕುಳ, ಕುಡಿದು ಗಲಾಟೆ ಮಾಡುವುದು ಮೊದಲ ಹಂತ, 3 ತಿಂಗಳವರೆಗೆ ವಿಮಾನ ಹತ್ತುವಂತಿಲ್ಲ. ತಳ್ಳುವುದು, ಹೊಡೆಯುವುದು, ಕೆಟ್ಟದಾಗಿ ಮುಟ್ಟುವುದು ಎರಡನೇ ಹಂತ, 6 ತಿಂಗಳವರೆಗೆ. ಜೀವಕ್ಕೇ ಅಪಾಯ ತರುವಂಥದ್ದು ಮೂರನೇ ಹಂತ, ಕನಿಷ್ಠ 2 ವರ್ಷ. "ಕೈ ಹಿಡಿದು ಎಳೆದರು" ಅನ್ನುವ ಮಾತನ್ನು ಬರೆಯದೆ "ತೊಂದರೆ ಕೊಟ್ಟರು" ಅಂತ ಮಾತ್ರ ಬರೆದರೆ ಎರಡನೇ ಹಂತದ್ದು ಮೊದಲನೆಯದಕ್ಕೆ ಇಳಿದುಬಿಡುತ್ತದೆ. ನಾಚಿಕೆ ಬಿಟ್ಟು ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಬಹುದು. ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದರೆ ಅದು ಕಂಪನಿಯ ವಿಷಯ ಮಾತ್ರ ಅಲ್ಲ, ಪೊಲೀಸ್ ಕೇಸು. ಯಾವ ಠಾಣೆಗೆ ಹೋದರೂ ಜೀರೋ ಎಫ್‌ಐಆರ್ ಮಾಡಿಸಬಹುದು. ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವಂತಿಲ್ಲ.

ನೀವೇ ಕುಡಿಯುವವರಾದರೆ

ಹಾರುವ ದಿನ ಬಿಟ್ಟುಬಿಡಿ. ಹೆದರಿಕೆ ಇದೆ, ಅದಕ್ಕೆ ಒಂದು ಪೆಗ್ಗು ಹಾಕಿದೆ ಅನ್ನುವವರನ್ನು ನೋಡಿದ್ದೇನೆ. ಮೊದಲ ಸಲ ಅಂತ ಸಿಬ್ಬಂದಿಗೆ ಹೇಳಿಕೊಳ್ಳಿ, ಅವರು ಬಂದು ಮಾತಾಡಿಸುತ್ತಾರೆ. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಅಲುಗಾಟ ಕಡಿಮೆ. ನಿದ್ದೆ ಮಾತ್ರೆಯ ಜೊತೆ ಮದ್ಯ ಬೇಡವೇ ಬೇಡ. ವಿದೇಶದಿಂದ ಬರುವಾಗ ಡ್ಯೂಟಿ ಫ್ರೀಯಲ್ಲಿ 2 ಲೀಟರ್‌ವರೆಗೆ ತರಬಹುದು, ತನ್ನಿ. ಸೀಲ್ ಮಾಡಿದ ಚೀಲವನ್ನು ಮನೆಗೆ ಬಂದು ಬಿಚ್ಚಿ. ಗುಜರಾತಿಗೆ, ಬಿಹಾರಕ್ಕೆ ಹೋಗುವವರು ಬಾಟಲಿ ಒಯ್ಯಬೇಡಿ. ಅಲ್ಲಿ ಪಾನ ನಿಷೇಧ ಇದೆ.

ನಿಷೇಧ ಕೇಳುವುದು ಹೇಗೆ

ನನ್ನ ಮನಸ್ಸಿನಲ್ಲಿ ಇರುವುದು ಪೂರ್ತಿ ನಿಷೇಧ. ಹಾರುವ ಮುಂಚೆ ನಿಲ್ದಾಣದಲ್ಲೂ ಬೇಡ, ವಿಮಾನದಲ್ಲೂ ಬೇಡ. ಆದರೆ ಅರ್ಜಿ ಬರೆಯುವಾಗ ಈಗ ಸಿಗಬಹುದಾದದ್ದನ್ನು ಮೊದಲು ಕೇಳಬೇಕು. ದೇಶದೊಳಗಿನ ಟರ್ಮಿನಲ್‌ಗಳಲ್ಲಿ ಬಾರ್, ಲೌಂಜ್‌ನಲ್ಲಿ ಮದ್ಯ ನಿಲ್ಲಿಸಿ ಅಂತ ಕೇಳಿ. ವಿಮಾನದಲ್ಲಿ ಹೇಗೂ ಇಲ್ಲ, ಗೇಟಿನಲ್ಲಿ ಯಾಕೆ ಇರಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಹತ್ತಿರವೂ ಇಲ್ಲ.

ಅಂತರರಾಷ್ಟ್ರೀಯ ಟರ್ಮಿನಲ್‌ಗೆ ಮೊದಲ ಹೆಜ್ಜೆಯಾಗಿ ಒಂದು ಬೋರ್ಡಿಂಗ್ ಪಾಸ್‌ಗೆ ಎರಡೇ ಗ್ಲಾಸ್ ಅನ್ನುವ ಮಿತಿ ಕೇಳಬಹುದು. ಇದು ನನ್ನ ಕಲ್ಪನೆ ಅಲ್ಲ. ಐರ್ಲೆಂಡಿನ ರಯನ್‌ಏರ್ ಕಂಪನಿಯ ಮುಖ್ಯಸ್ಥ ಮೈಕಲ್ ಓ'ಲೀರಿ 2024ರಲ್ಲಿ ಇದನ್ನೇ ಕೇಳಿದರು. ಒಬ್ಬ ಪ್ರಯಾಣಿಕನ ಗಲಾಟೆಯಿಂದ ಡಬ್ಲಿನ್‌ನ ವಿಮಾನವನ್ನು ಪೋರ್ಚುಗಲ್ಲಿನಲ್ಲಿ ಇಳಿಸಬೇಕಾಗಿ ಬಂದಾಗ ಆ ಕಂಪನಿ ಅವನ ಮೇಲೆ 15,000 ಯೂರೋ ಪರಿಹಾರದ ದಾವೆ ಹಾಕಿತು. ಅವನೊಬ್ಬನಿಂದ 160ಕ್ಕೂ ಹೆಚ್ಚು ಜನ ಒಂದು ರಾತ್ರಿ ಬೇರೆ ದೇಶದಲ್ಲಿ ಉಳಿದರು. ವಿಮಾನ ಕಂಪನಿಗಳ ಜಾಗತಿಕ ಸಂಘ ಐಎಟಿಎ ಲೆಕ್ಕದಲ್ಲಿ 2021ರಲ್ಲಿ 835 ವಿಮಾನಕ್ಕೆ ಒಂದು ಗಲಾಟೆ ಇದ್ದದ್ದು 2022ರಲ್ಲಿ 568ಕ್ಕೆ ಒಂದಾಯಿತು. ಎಲ್ಲ ಗಲಾಟೆಗೂ ಕುಡಿತವೇ ಕಾರಣ ಅಲ್ಲ, ಆದರೆ ಮುಖ್ಯ ಕಾರಣಗಳಲ್ಲಿ ಅದೂ ಒಂದು.

ಮನೆಯಲ್ಲೇ ಕುಡಿದು ಬಂದರೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅದಕ್ಕೇ ಗೇಟಿನಲ್ಲಿ ತಡೆ ಬೇಕು ಅನ್ನುವುದು. ಎರಡೂ ಜೊತೆಗೆ ಇರಬೇಕು. ಮನೆಯಿಂದ ಹೊರಟು, ಸೆಕ್ಯುರಿಟಿ ಮುಗಿಸಿ, ಗೇಟಿಗೆ ಬರುವಷ್ಟರಲ್ಲಿ ಎರಡು ಮೂರು ಗಂಟೆ ಆಗಿರುತ್ತದೆ. ಆ ಹೊತ್ತಿನಲ್ಲಿ ಇನ್ನಷ್ಟು ಹಾಕಿಕೊಳ್ಳಲು ಅಲ್ಲಿ ಸಿಗಬಾರದು. ನಿಲ್ದಾಣಕ್ಕೆ ಆದಾಯ ಹೋಗುತ್ತದೆ ಅನ್ನುವವರೂ ಇದ್ದಾರೆ. ಸೀಲ್ ಬಾಟಲಿ ಮಾರಾಟ ಇರಲಿ, ಇಳಿದ ಮೇಲೆ ಕೊಳ್ಳಲಿ. ನಾನು ತಡೆಯಿರಿ ಅನ್ನುವುದು ಹಾರುವ ಮೊದಲಿನ ಗ್ಲಾಸನ್ನು.

ಯಾರಿಗೆ ಬರೆಯಬೇಕು ಅನ್ನುವುದರಲ್ಲಿ ಬಹಳ ಮಂದಿ ದಾರಿ ತಪ್ಪುತ್ತಾರೆ. ಮದ್ಯದ ಲೈಸೆನ್ಸ್ ರಾಜ್ಯದ ವಿಷಯ. ಬೆಂಗಳೂರು ನಿಲ್ದಾಣದ ಬಾರಿಗೆ ಅನುಮತಿ ಕೊಡುವುದು ನಮ್ಮ ಅಬಕಾರಿ ಇಲಾಖೆ. ಹಾಗಾಗಿ ಮೊದಲ ಅರ್ಜಿ ಅಬಕಾರಿ ಆಯುಕ್ತರಿಗೆ, ಪ್ರತಿ ಅಬಕಾರಿ ಸಚಿವರಿಗೆ. ಎರಡನೆಯದು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಮತ್ತು ಡಿಜಿಸಿಎಗೆ, ಗೇಟಿನ ತಪಾಸಣೆ ಬಗ್ಗೆ. ಮೂರನೆಯದು ನಮ್ಮ ಸಾಂಬ್ರಾ ನಿಲ್ದಾಣದ ಸಲಹಾ ಸಮಿತಿಗೆ. ಅದರ ಅಧ್ಯಕ್ಷರು ಇಲ್ಲಿನ ಸಂಸದರು. ಸಾಂಬ್ರಾದಲ್ಲಿ ಹೊಸ ಟರ್ಮಿನಲ್ ಬರುತ್ತಿದೆ, ವಿಜಯಪುರದಲ್ಲಿ ಹೊಸ ನಿಲ್ದಾಣವೇ ಬರುತ್ತಿದೆ. ಅಂಗಡಿಗಳ ಟೆಂಡರ್ ಕರೆಯುವ ಮುಂಚೆಯೇ ಬಾರಿಗೆ ಜಾಗ ಬೇಡ ಅಂತ ಬರೆಯಿರಿ. ಬಂದು ಕೂತ ಬಾರನ್ನು ಎಬ್ಬಿಸುವುದು ಬಹಳ ಕಷ್ಟ. ವಿಜಯಪುರ, ಬಾಗಲಕೋಟೆಯವರು ಇದನ್ನು ಈಗಲೇ ಮಾಡಬೇಕು.

ನಮ್ಮ ಊರಿಗೆ ಇನ್ನೊಂದು ಅನುಕೂಲ ಇದೆ. ಚಳಿಗಾಲದ ಅಧಿವೇಶನ ಇಲ್ಲೇ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಅಬಕಾರಿ ಸಚಿವರು ಊರಲ್ಲೇ ಇರುತ್ತಾರೆ. ಅಧಿವೇಶನಕ್ಕೆ ಕೆಲವು ವಾರ ಮುಂಚೆ ನಿಮ್ಮ ಶಾಸಕರ ಮನೆಗೆ ಹೋಗಿ ಅರ್ಜಿ ಕೊಟ್ಟು, ಸದನದಲ್ಲಿ ಪ್ರಶ್ನೆ ಕೇಳಿ ಅಂತ ಒತ್ತಾಯಿಸಿ. ಪ್ರಶ್ನೆ ಎರಡೇ ಸಾಲು ಇರಲಿ: ರಾಜ್ಯದ ವಿಮಾನ ನಿಲ್ದಾಣಗಳಲ್ಲಿ ಎಷ್ಟು ಮದ್ಯದ ಲೈಸೆನ್ಸ್ ಕೊಟ್ಟಿದ್ದೀರಿ? ದೇಶದೊಳಗಿನ ಪ್ರಯಾಣಿಕರಿಗೆ ಮಾರುವುದನ್ನು ನಿಲ್ಲಿಸುವ ಯೋಚನೆ ಇದೆಯೇ? ಸ್ತ್ರೀಶಕ್ತಿ ಸಂಘದವರ ಸಹಿ ಹಾಕಿಸಿ. ಊರಲ್ಲಿ ಸಾರಾಯಿ ಅಂಗಡಿ ಬೇಡ ಅಂತ ಎಷ್ಟೋ ಕಡೆ ಮೊದಲು ಎದ್ದು ನಿಂತವರು ಹೆಣ್ಣುಮಕ್ಕಳೇ.

ಅರ್ಜಿ ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅದೇ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. "ಇಂಥ ದಿನಾಂಕದ ನನ್ನ ಅರ್ಜಿ ಈಗ ಯಾವ ಅಧಿಕಾರಿಯ ಹತ್ತಿರ ಇದೆ, ಅದರ ಮೇಲೆ ಏನು ಟಿಪ್ಪಣಿ ಬರೆದಿದ್ದಾರೆ, ಟಿಪ್ಪಣಿಯ ನಕಲು ಕೊಡಿ" ಅಂತ ಕೇಳಿ. ಯಾಕೆ ಮಾಡಿಲ್ಲ ಅಂತ ಕೇಳಬೇಡಿ, ಅದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಟಿಪ್ಪಣಿಯ ನಕಲು ಕೈಗೆ ಬಂದ ಮೇಲೆ ಅದನ್ನು ಹಿಡಿದುಕೊಂಡು ಶಾಸಕರ ಹತ್ತಿರ ಮತ್ತೆ ಹೋಗಿ.